ಕೊಟ್ಟಿಗೆಯ ಸದ್ದು, ಮುಖದ ಬಣ್ಣ: ನಿಮಗಿದು ಗೊತ್ತೇ?

ನಮ್ಮ ಮಲೆನಾಡಿನ ಬಸರೀಕಟ್ಟೆಯ ಕಡೆ 'ಗ್ಯಾರೇಜು' ಎಂದರೆ ಜೀಪಿನ ಕ್ಲಚ್ಚು ಬಿಚ್ಚಿ ಹರವಿದ ಜಾಗ. ಅಮೆರಿಕದಲ್ಲಿ ಅದೇ ಪದ ಒಂದು ಸಂಗೀತಕ್ಕೆ ಹೆಸರಾಯಿತು. ಕಾರು ನಿಲ್ಲಿಸುವ ಮನೆಯ ಶೆಡ್ಡಿನಲ್ಲಿ ಹುಡುಗರು ಗಿಟಾರು ಬಡಿದು ಬಡಿದು ಹುಟ್ಟಿಸಿದ್ದು ಗ್ಯಾರೇಜ್ ರಾಕ್. ಅದರ ಒರಟುತನಕ್ಕೆ ಸಿಟ್ಟು ಸೇರಿ ಪಂಕ್ ಆಯಿತು. ಮುಖಕ್ಕೆ ಬಣ್ಣ, ಮೈಗೆ ಮಿಂಚು ಹಚ್ಚಿಕೊಂಡು ಬಂದದ್ದು ಗ್ಲ್ಯಾಮ್. ಈ ಮೂರೂ ಒಂದೇ ಬ್ಯಾಂಡಿನಲ್ಲಿ ಕೂಡಿದರೆ ಸದ್ದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ? ರಾತ್ರಿಯಿಡೀ ಯಕ್ಷಗಾನದ ಬಣ್ಣದ ವೇಷ ನೋಡಿ, ಚಂಡೆ ಕೇಳಿ ಬೆಳೆದ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದವರಿಗೆ ಈ ಲೋಕ ತೀರಾ ಹೊರಗಿನದೇನಲ್ಲ. ಓದುವಾಗ ಒಂದನ್ನು ಗಮನಿಸಿ: ಬ್ಯಾಂಡಿನ ಸದ್ದು ಬದಲಾಗುವ ಮೊದಲು ಅವರು ನಿಂತ ಜಾಗ, ಕೈಯಲ್ಲಿದ್ದ ಸಾಮಾನು, ಇಲ್ಲವೇ ಜೊತೆಗಿದ್ದ ಜನ ಬದಲಾಗಿರುತ್ತಾರೆ.

ಶೆಡ್ಡಿನೊಳಗೆ

1. ಗ್ಯಾರೇಜ್ ರಾಕ್‌ನ ಮೊದಲ ಪಾಠವೆನ್ನಬಹುದಾದ 'ಲೂಯಿ ಲೂಯಿ' ಹಾಡನ್ನು ಪೋರ್ಟ್‌ಲ್ಯಾಂಡಿನ 'ದಿ ಕಿಂಗ್ಸ್‌ಮೆನ್' ಹುಡುಗರು 1963ರಲ್ಲಿ ಧ್ವನಿಮುದ್ರಿಸಿದರು. ಖರ್ಚು ಸುಮಾರು 50 ಡಾಲರ್. ಮೈಕು ತೂಗುತ್ತಿದ್ದದ್ದು ಗಾಯಕ ಜ್ಯಾಕ್ ಈಲಿಯ ತಲೆಗಿಂತ ಮೇಲೆ. ಆತ ಕತ್ತೆತ್ತಿ ಕೂಗಿಕೊಂಡ. ಪದಗಳು ಕಲಸುಮೇಲೋಗರವಾದವು, ಹಾಡು ಅಮರವಾಯಿತು.

2. ಪದ ತಿಳಿಯದಿದ್ದಾಗ ಜನ ತಮಗೆ ಬೇಕಾದ ಪದ ಕೇಳಿಸಿಕೊಳ್ಳುತ್ತಾರೆ. ಹಾಡಿನಲ್ಲಿ ಅಶ್ಲೀಲವಿದೆ ಎಂದು ದೂರು ಹೋಗಿ, ಅಮೆರಿಕದ ಎಫ್‌ಬಿಐ ತನಿಖೆಯನ್ನೇ ನಡೆಸಿತು. ತಟ್ಟೆಯನ್ನು ನಿಧಾನಕ್ಕೆ ತಿರುಗಿಸಿದರು, ಜೋರಾಗಿ ತಿರುಗಿಸಿದರು. ಕೊನೆಗೆ ಬಂದ ತೀರ್ಮಾನ: ಏನೂ ಅರ್ಥವಾಗುತ್ತಿಲ್ಲ!

3. ಆ ಹಾಡು ಬರೆದ ರಿಚರ್ಡ್ ಬೆರಿ ಅದರ ಹಕ್ಕನ್ನು ಅದಕ್ಕೂ ಮೊದಲೇ 750 ಡಾಲರಿಗೆ ಮಾರಿಬಿಟ್ಟಿದ್ದ. ಅಡಿಕೆಯ ದರ ಏರುವ ಹಿಂದಿನ ವಾರ ಮಾಲು ಕೊಟ್ಟು ಬಂದವರಿಗೆ ಆತನ ಸಂಕಟ ಅರ್ಥವಾದೀತು.

4. ಹಾಡಿನಲ್ಲಿ ಒಂದು ಪದವೂ ಇಲ್ಲದೆ ನಿಷೇಧಕ್ಕೊಳಗಾಗಲು ಸಾಧ್ಯವೇ? ಸಾಧ್ಯ. ಲಿಂಕ್ ರೇ 1958ರಲ್ಲಿ ನುಡಿಸಿದ 'ರಂಬಲ್' ಬರೀ ಗಿಟಾರಿನ ಗುಡುಗು. ಬೀದಿ ಜಗಳಕ್ಕೆ ಕುಮ್ಮಕ್ಕು ಕೊಡುತ್ತದೆಂದು ಕೆಲವು ರೇಡಿಯೊಗಳು ಅದನ್ನು ಹಾಕಲೇ ಇಲ್ಲ. ಆ ಗುಡುಗು ಬರಲೆಂದು ಆತ ಸ್ಪೀಕರಿನ ಕಾಗದಕ್ಕೆ ಪೆನ್ಸಿಲಿನಿಂದ ತೂತು ಹಾಕಿದ್ದ.

5. ಲಂಡನ್ನಿನ 'ದಿ ಕಿಂಕ್ಸ್' ಬ್ಯಾಂಡಿನ ಡೇವ್ ಡೇವಿಸ್ ಒಂದು ಹೆಜ್ಜೆ ಮುಂದೆ ಹೋದ. ತನ್ನ ಪುಟ್ಟ ಹಸಿರು ಆಂಪ್ಲಿಫೈಯರಿನ ಸ್ಪೀಕರನ್ನು ಬ್ಲೇಡಿನಿಂದ ಸೀಳಿದ. 1964ರ 'ಯೂ ರಿಯಲಿ ಗಾಟ್ ಮಿ' ಹಾಡಿನ ಕರಕರ ಸದ್ದು ಆ ಹರಿದ ಕಾಗದದ್ದು. ಇಂದು ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳುವ 'ಫಜ್' ಪೆಡಲುಗಳು ಕೊಡುವುದು ಇದೇ ಜಾತಿಯ ಸದ್ದನ್ನು.

6. ಹರಿದ ಸ್ಪೀಕರು ಹಾಗೇಕೆ ಕೇಳುತ್ತದೆ? ಧ್ವನಿಯ ಅಲೆ ಗುಡ್ಡದಂತೆ ನುಣ್ಣಗೆ ಏರಿ ಇಳಿಯಬೇಕು. ಯಂತ್ರಕ್ಕೆ ತಾಳಿಕೊಳ್ಳಲಾಗದಷ್ಟು ಶಕ್ತಿ ನುಗ್ಗಿಸಿದರೆ ಗುಡ್ಡದ ತಲೆ ಕತ್ತರಿಸಿದಂತಾಗಿ ಅಲೆ ಚಪ್ಪಟೆಯಾಗುತ್ತದೆ. ಚಪ್ಪಟೆ ಅಲೆಯಲ್ಲಿ ಮೂಲ ಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ಇನ್ನೂ ಮೇಲಿನ ಕಂಪನಗಳು ಗುಂಪುಗೂಡುತ್ತವೆ. ಹರಿದ ಕಾಗದ ತನ್ನ ಗರಗರವನ್ನೂ ಅದಕ್ಕೆ ಸೇರಿಸುತ್ತದೆ. ಎಂಜಿನಿಯರಿಗೆ ಅದು ದೋಷ, ಗ್ಯಾರೇಜಿನ ಹುಡುಗನಿಗೆ ಬಂಗಾರ.

7. ನಮ್ಮ ಜಾತ್ರೆಯ ಮೈಕ್‌ಸೆಟ್ಟಿಗೂ ಈ ಬಂಗಾರ ಒಲಿದಿದೆ. ಮರದ ಮೇಲೆ ಕಟ್ಟುವ ಕಹಳೆಯಂಥ ಹಾರ್ನು ತಗ್ಗಿನ ಸ್ವರಗಳನ್ನು ಹೆಚ್ಚುಕಡಿಮೆ ನುಂಗಿಬಿಟ್ಟು ನಡುವಿನ ಸ್ವರಗಳನ್ನಷ್ಟೇ ದೂರಕ್ಕೆ ಎಸೆಯುತ್ತದೆ. ಆದ್ದರಿಂದಲೇ ಗಣಪತಿ ಪೆಂಡಾಲಿನ ಹಾಡು ಎರಡು ಗುಡ್ಡದಾಚೆಗೆ ತಲುಪುವಾಗ ಹಳೆಯ ಗ್ಯಾರೇಜ್ ರಾಕ್ ತಟ್ಟೆಯಂತೆ ಕೇಳುವುದು.

8. ವೇಷ ಹಾಕಿದ ಗ್ಯಾರೇಜ್ ಬ್ಯಾಂಡುಗಳಲ್ಲಿ 'ದಿ ಮಾಂಕ್ಸ್' ವಿಚಿತ್ರ. ಜರ್ಮನಿಯಲ್ಲಿದ್ದ ಐವರು ಅಮೆರಿಕನ್ ಸೈನಿಕರು ಸೇವೆ ಮುಗಿದ ಮೇಲೆ ನೆತ್ತಿ ಬೋಳಿಸಿ, ಕಪ್ಪು ಬಟ್ಟೆ ತೊಟ್ಟು, ಕೊರಳಿಗೆ ಟೈ ಬದಲು ಹಗ್ಗ ಕಟ್ಟಿ ಸನ್ಯಾಸಿಗಳಂತೆ ವೇದಿಕೆ ಏರಿದರು. ಅವರ ಏಕೈಕ ಸ್ಟುಡಿಯೊ ಆಲ್ಬಂ 'ಬ್ಲ್ಯಾಕ್ ಮಾಂಕ್ ಟೈಮ್' ಬಂದದ್ದು 1966ರಲ್ಲಿ. ಪಂಕ್ ಹುಟ್ಟಲು ಇನ್ನೂ ಹತ್ತು ವರ್ಷವಿತ್ತು.

9. ಶೆಡ್ಡಿನ ಹುಡುಗರನ್ನು ಮರೆವಿನಿಂದ ಎತ್ತಿ ತಂದದ್ದು ಒಂದು ಸಂಕಲನ. 1972ರ 'ನಗ್ಗೆಟ್ಸ್'ನಲ್ಲಿ 27 ಹಾಡುಗಳಿದ್ದವು. ಆರಿಸಿದವನು ಲೆನ್ನಿ ಕೇ. ಅದರ ಟಿಪ್ಪಣಿಯಲ್ಲಿ ಆತ ಈ ಸಂಗೀತವನ್ನು 'ಪಂಕ್ ರಾಕ್' ಎಂದೇ ಕರೆದಿದ್ದ. ಮುಂದೆ ಪ್ಯಾಟಿ ಸ್ಮಿತ್ ಗುಂಪಿನಲ್ಲಿ ಗಿಟಾರು ಹಿಡಿದು ಪಂಕ್ ಕಟ್ಟಿದವರಲ್ಲಿ ತಾನೂ ಒಬ್ಬನಾದ.

10. ಭಾರತದ ಗ್ಯಾರೇಜ್ ರಾಕ್‌ಗೂ ಇಂಥದೊಂದು ತಟ್ಟೆಯುಂಟು, ಆದರೆ ಅದರ ಹೆಸರು ಸಿಗರೇಟಿನದು! 'ಸಿಮ್ಲಾ' ಸಿಗರೇಟಿನ ಪ್ರಚಾರಕ್ಕೆ ನಡೆದ 'ಸಿಮ್ಲಾ ಬೀಟ್' ಸ್ಪರ್ಧೆಗೆ ದೇಶದ ಮೂಲೆಮೂಲೆಯ ಕಾಲೇಜು ಬ್ಯಾಂಡುಗಳು ಬಂದವು. 1970 ಮತ್ತು 1971ರಲ್ಲಿ ಹೊರಬಂದ ಅದರ ಎರಡು ಎಲ್‌ಪಿಗಳಿಗಾಗಿ ಇಂದು ಹೊರದೇಶದ ಸಂಗ್ರಾಹಕರು ಹುಡುಕಾಡುತ್ತಾರೆ.

ಚೌಕಿಯೊಳಗೆ

11. ಮಾರ್ಕ್ ಬೋಲನ್ ಮೊದಲು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಪಕ್ಕದಲ್ಲಿ ಬಾಂಗೋ ಬಾರಿಸುವ ಒಬ್ಬನನ್ನು ಇಟ್ಟುಕೊಂಡು ಹಾಡುತ್ತಿದ್ದವನು. ಆಗ ಜೋಡಿಯ ಹೆಸರು 'ಟಿರಾನೊಸಾರಸ್ ರೆಕ್ಸ್'. 1970ರಲ್ಲಿ ಹೆಸರು 'ಟಿ. ರೆಕ್ಸ್' ಎಂದು ಮೊಟಕಾಯಿತು, ಗಿಟಾರಿಗೆ ಕರೆಂಟು ಬಂತು, ಹಾಡುಗಾರ ಎದ್ದು ನಿಂತ. 1971ರಲ್ಲಿ ಕಣ್ಣಿನ ಕೆಳಗೆ ಮಿನುಗುಪುಡಿ ಹಚ್ಚಿಕೊಂಡು ಬಿಬಿಸಿಯ 'ಟಾಪ್ ಆಫ್ ದಿ ಪಾಪ್ಸ್'ನಲ್ಲಿ ಕಾಣಿಸಿಕೊಂಡ. ಗ್ಲ್ಯಾಮ್‌ನ ಹುಟ್ಟುಹಬ್ಬವೆಂದು ಅನೇಕರು ಲೆಕ್ಕ ಹಾಕುವುದು ಆ ಚಿಟಿಕೆ ಪುಡಿಯಿಂದ.

12. ಗ್ಲ್ಯಾಮ್‌ನ ಎತ್ತರದ ಬೂಟು, ಮಿರಿಮಿರಿ ಟೋಪಿಗೆ ಹೆಸರಾದ 'ಸ್ಲೇಡ್' ಬ್ಯಾಂಡು 1969ರ ಸುಮಾರಿಗೆ ತಲೆ ಬೋಳಿಸಿಕೊಂಡ ಒರಟು ಹುಡುಗರ ವೇಷದಲ್ಲಿತ್ತು. ವೇಷ ಬದಲಾಯಿತು, ನೆಲ ಗುದ್ದುವ ತಾಳ ಮಾತ್ರ ಉಳಿಯಿತು. 1973ರಲ್ಲಿ ಅವರ 3 ಹಾಡುಗಳು ಬ್ರಿಟನ್ನಿನ ಪಟ್ಟಿಗೆ ನೇರವಾಗಿ ಒಂದನೇ ಸ್ಥಾನದಲ್ಲೇ ಇಳಿದವು.

13. ಡೇವಿಡ್ ಬೋವಿಯ 'ಜಿಗ್ಗಿ ಸ್ಟಾರ್‌ಡಸ್ಟ್' ವೇಷದ ಬಣ್ಣಕ್ಕೂ ಯಕ್ಷಗಾನಕ್ಕೂ ದೂರದ ನೆಂಟಸ್ತಿಕೆ ಕಟ್ಟಬಹುದು. ಜಪಾನಿನ ಕಬುಕಿ ರಂಗಭೂಮಿಯಿಂದ ಆತ ಅದನ್ನು ಎರವಲು ತಂದ. ಉಡುಪು ಹೊಲಿದವನು ಕನ್ಸಾಯ್ ಯಮಮೊಟೊ. ಮುಖವರ್ಣಿಕೆಯ ಪಾಠ ಸಿಕ್ಕಿದ್ದು ಬಂಡೊ ತಮಸಬುರೊನಿಂದ. ಈ ತಮಸಬುರೊ ಕಬುಕಿಯಲ್ಲಿ ಮಾಡುತ್ತಿದ್ದ ಪಾತ್ರ ಯಾವುದು ಬಲ್ಲಿರಾ? ಸ್ತ್ರೀವೇಷ!

14. ಗಂಡಸು ತುಟಿಗೆ ಬಣ್ಣ ಹಚ್ಚಿದ್ದು ಕಂಡು 1972ರ ಇಂಗ್ಲೆಂಡ್ ಬೆಚ್ಚಿತು. ಘಟ್ಟದ ಮೇಲೂ ಕೆಳಗೂ ಅದು ಸುದ್ದಿಯೇ ಅಲ್ಲ. ನಮ್ಮಲ್ಲಿ ಮೀಸೆ ಬೋಳಿಸಿ ದಮಯಂತಿಯಾದವನ ಬಳುಕಿಗೆ ಅಜ್ಜಿಯರೇ ಅಂಕ ಕೊಡುತ್ತಿದ್ದರು.

15. ಯಕ್ಷಗಾನದ ತೆಂಕುತಿಟ್ಟಿನ ಬಣ್ಣದ ವೇಷಕ್ಕೆ ಮುಖದ ಮೇಲೆ ಅಕ್ಕಿಹಿಟ್ಟು, ಸುಣ್ಣದ 'ಚಿಟ್ಟಿ'ಯನ್ನು ಒಂದೊಂದೇ ಚುಕ್ಕಿಯಾಗಿ ಇಟ್ಟುಕೊಳ್ಳಲು ಗಂಟೆಗಟ್ಟಲೆ ಬೇಕು. ರಾಕ್ ಬ್ಯಾಂಡಿನ ಬಣ್ಣದ ಕೋಣೆಯಲ್ಲಿ ಅಷ್ಟು ಹೊತ್ತು ಅಲುಗಾಡದೆ ಕೂರುವವರು ಸಿಗುವುದು ಕಷ್ಟ.

16. 'ಕ್ವೀನ್' ಬ್ಯಾಂಡಿನ ಫ್ರೆಡ್ಡಿ ಮರ್ಕ್ಯುರಿ ಮೊದಲ ಬ್ಯಾಂಡು ಕಟ್ಟಿದ್ದು ನಮ್ಮದೇ ಸಹ್ಯಾದ್ರಿಯ ಸಾಲಿನಲ್ಲಿ. ಮಹಾರಾಷ್ಟ್ರದ ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಯ ಹುಡುಗರ ಆ ಗುಂಪಿನ ಹೆಸರು 'ದಿ ಹೆಕ್ಟಿಕ್ಸ್'. ಆತ ಅದರಲ್ಲಿ ಪಿಯಾನೊ ನುಡಿಸುತ್ತಿದ್ದ.

ಬಣ್ಣ ಮತ್ತು ಸಿಟ್ಟು ಕೂಡಿದಾಗ

17. ಗ್ಲ್ಯಾಮ್ ಮೈ, ಗ್ಯಾರೇಜ್ ಮನಸ್ಸು ಎರಡೂ ಒಂದೇ ಅಂಗಿಯೊಳಗೆ ಹೊಕ್ಕ ಬ್ಯಾಂಡೆಂದರೆ 1971ರಲ್ಲಿ ಹುಟ್ಟಿದ 'ನ್ಯೂಯಾರ್ಕ್ ಡಾಲ್ಸ್'. ಹೆಸರು ಬಂದದ್ದು ಗೊಂಬೆ ರಿಪೇರಿ ಅಂಗಡಿಯೊಂದರಿಂದ. ತಾಲೀಮು ನಡೆಯುತ್ತಿದ್ದದ್ದು ಸೈಕಲ್ ಅಂಗಡಿಯಲ್ಲಿ. ಅಂಗಡಿ ಬಾಗಿಲು ಹಾಕಿದ ಮೇಲೆ ಇಕ್ಕಟ್ಟಿನಲ್ಲಿ ನಿಂತು, ಒಬ್ಬರ ಸದ್ದಿನ ಮೇಲೆ ಇನ್ನೊಬ್ಬರು ಏರಿ ನುಡಿಸಿದ ಅಭ್ಯಾಸ ಅವರ ಹಾಡಿನಲ್ಲಿ ಕೊನೆತನಕ ಉಳಿಯಿತು.

18. ಅವರ ಸದ್ದು ತಿರುಗಿದ ತಿರುವುಗಳನ್ನು ನೋಡಿ. 1972ರಲ್ಲಿ ಮೊದಲ ಡ್ರಮ್ಮರ್ ಬಿಲ್ಲಿ ಮರ್ಸಿಯಾ ಲಂಡನ್ನಿನಲ್ಲಿ ತೀರಿಕೊಂಡ. ಜೆರ್ರಿ ನೋಲನ್ ಬಂದ, ತಾಳ ಗಟ್ಟಿಯಾಯಿತು. 1973ರ ಮೊದಲ ಆಲ್ಬಮ್ಮಿಗೆ ಟಾಡ್ ರಂಡ್‌ಗ್ರೆನ್ ನಿರ್ಮಾಪಕ. 1974ರ ಎರಡನೆಯದಕ್ಕೆ ಹುಡುಗಿಯರ ಗಾಯನ ಗುಂಪುಗಳನ್ನು ಬೆಳೆಸಿದ್ದ ಶ್ಯಾಡೋ ಮಾರ್ಟನ್. ಗೊಂಬೆಗಳಿಗೆ ಅಂಥ ಹಾಡುಗಳೆಂದರೆ ಮೊದಲಿಂದಲೂ ಪ್ರಾಣ. ಬಿರುಸಿನ ಗಿಟಾರಿನ ಅಡಿಯಲ್ಲಿ ಹುಡುಕಿದರೆ ಸಿಗುವುದು ಹದಿಹರೆಯದ ಪ್ರೇಮಗೀತೆಯ ರಾಗ.

19. 1973ರಲ್ಲಿ 'ಕ್ರೀಮ್' ಪತ್ರಿಕೆಯ ಓದುಗರು ಡಾಲ್ಸ್‌ಗೆ ಎರಡು ಪಟ್ಟ ಕಟ್ಟಿದರು: ವರ್ಷದ ಅತ್ಯುತ್ತಮ ಹೊಸ ಬ್ಯಾಂಡ್, ವರ್ಷದ ಅತಿ ಕೆಟ್ಟ ಹೊಸ ಬ್ಯಾಂಡ್.

20. ಬ್ಯಾಂಡು ಚದುರಿತು. ಗಾಯಕ ಡೇವಿಡ್ ಜೊಹಾನ್ಸನ್ ಮುಂದೆ 'ಬಸ್ಟರ್ ಪಾಯಿಂಡೆಕ್ಸ್ಟರ್' ಎಂಬ ಹೆಸರಿನಲ್ಲಿ ಸೂಟು ತೊಟ್ಟು, ತಲೆ ಬಾಚಿ, ಕುಣಿತದ ಹಾಡು ಹಾಡಿದ. 2004ರಲ್ಲಿ ಉಳಿದಿದ್ದ ಗೊಂಬೆಗಳನ್ನು ಲಂಡನ್ನಿನಲ್ಲಿ ಮತ್ತೆ ಒಂದುಗೂಡಿಸಿದವನು ಗಾಯಕ ಮಾರಿಸ್ಸಿ. ಹದಿಹರೆಯದಲ್ಲಿ ಆತ ಡಾಲ್ಸ್‌ನ ಬ್ರಿಟಿಷ್ ಅಭಿಮಾನಿ ಸಂಘ ನಡೆಸುತ್ತಿದ್ದ. ಸೇರಿದ ಕೆಲವೇ ವಾರಗಳಲ್ಲಿ ಬಾಸ್ ಗಿಟಾರಿನ ಆರ್ಥರ್ ಕೇನ್ ತೀರಿಕೊಂಡ. 2021ರಲ್ಲಿ ಗಿಟಾರಿನ ಸಿಲ್ವೇನ್ ಸಿಲ್ವೇನ್, 2025ರಲ್ಲಿ ಜೊಹಾನ್ಸನ್. ಗೊಂಬೆಯಾಟ ಅಲ್ಲಿಗೆ ಮುಗಿಯಿತು.

21. 'ದಿ ಸ್ಟೂಜಸ್' ಶುರುವಿನಲ್ಲಿ ವೇದಿಕೆಗೆ ತಂದ ವಾದ್ಯಗಳಲ್ಲಿ ಕಸ ಹೀರುವ ಯಂತ್ರ ಮತ್ತು ಮಿಕ್ಸಿಯೂ ಇದ್ದವು! ಊರು ಮೋಟಾರು ಕಾರ್ಖಾನೆಗಳ ಡೆಟ್ರಾಯಿಟ್ ಪಕ್ಕದ್ದು. ತಗಡು ಬಡಿಯುವ ಯಂತ್ರಗಳ ಸದ್ದು ತಲೆಯಲ್ಲಿ ಕೂತಿತ್ತೆಂದು ಬ್ಯಾಂಡಿನ ಗಾಯಕ ಇಗ್ಗಿ ಪಾಪ್ ಹೇಳಿಕೊಂಡಿದ್ದಾನೆ.

22. ಅದೇ ಬ್ಯಾಂಡು 1970ರ 'ಫನ್ ಹೌಸ್'ಗೆ ಸ್ಯಾಕ್ಸೊಫೋನ್ ಸೇರಿಸಿಕೊಂಡಿತು. 1973ರ 'ರಾ ಪವರ್'ನ ಸದ್ದನ್ನು ಹದಗೊಳಿಸಲು ಬಂದವನು ಬೋವಿ. ಹದಗೊಳಿಸುವುದೇನು, ಮುಖ್ಯ ಗಿಟಾರು ಬಿಟ್ಟು ಉಳಿದ ವಾದ್ಯಗಳನ್ನೆಲ್ಲ ಒಂದೇ ಟ್ರ್ಯಾಕಿನಲ್ಲಿ ತುರುಕಿ ತಂದಿದ್ದರು. ಬೇಸರ ತೀರದೆ ಇಗ್ಗಿ 1997ರಲ್ಲಿ ತಾನೇ ಮರುಮಿಶ್ರಣ ಮಾಡಿದ. ಅದರ ಗದ್ದಲಕ್ಕೆ ಹೋಲಿಸಿದರೆ ಬೋವಿಯದು ಜೋಗುಳ.

23. 'ರಮೋನ್ಸ್' ಬ್ಯಾಂಡಿನ ಮೊದಲ ಆಲ್ಬಂ, 1976: ಹಾಡು 14, ಅವಧಿ ಅರ್ಧ ಗಂಟೆಗೂ ಕಡಿಮೆ, ಖರ್ಚು ಸುಮಾರು 6,400 ಡಾಲರ್. ನಮ್ಮ ಭಾಗವತರು ಅಷ್ಟು ಹೊತ್ತಿನಲ್ಲಿ ಆಟದ ಪೀಠಿಕೆಯಾದ ಸಭಾಲಕ್ಷಣ ಮುಗಿಸುತ್ತಿದ್ದರೋ ಇಲ್ಲವೋ!

24. ಬ್ರಿಟನ್ನಿನ ಮೊದಲ ಪಂಕ್ ಸಿಂಗಲ್ 'ನ್ಯೂ ರೋಸ್', 1976ರ ಅಕ್ಟೋಬರಿನದು. ಹಾಡಿದ 'ದಿ ಡ್ಯಾಮ್ಡ್' ಬ್ಯಾಂಡನ್ನು ಮರುವರ್ಷವೇ ತನ್ನ ಜೊತೆ ಊರೂರಿಗೆ ಕರೆದೊಯ್ದವನು ಗ್ಲ್ಯಾಮ್‌ನ ಮಾರ್ಕ್ ಬೋಲನ್. ಹಳೆಯ ಬಣ್ಣದವನು ಹೊಸ ಸಿಟ್ಟಿನವರಿಗೆ ರಂಗಸ್ಥಳ ಬಿಟ್ಟುಕೊಟ್ಟ ಆ ವರ್ಷದ ಸೆಪ್ಟೆಂಬರಿನಲ್ಲೇ ಬೋಲನ್ ಕಾರು ಅಪಘಾತದಲ್ಲಿ ಹೋದ.

25. ಭೂತಬಂಗಲೆಯ ವೇಷ, ಹಳೆಯ ರಾಕ್ ಅಂಡ್ ರೋಲ್, ಪಂಕ್ ಮೂರನ್ನೂ ಕಲಸಿದ 'ದಿ ಕ್ರ್ಯಾಂಪ್ಸ್' ಹತ್ತು ವರ್ಷ ಬಾಸ್ ಗಿಟಾರೇ ಇಲ್ಲದೆ ನುಡಿಸಿತು. 1986ರ ಆಲ್ಬಮ್ಮಿನಲ್ಲಿ ಬಾಸ್ ಬಂದದ್ದೇ ತಡ, ಗಾಳಿಯಲ್ಲಿ ತೇಲುತ್ತಿದ್ದ ಸದ್ದಿಗೆ ಕಾಲು ಮೂಡಿತು. 1978ರಲ್ಲಿ ಅವರು ಕ್ಯಾಲಿಫೋರ್ನಿಯಾದ ನಾಪಾ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಗಳ ಮುಂದೆ ಕಾರ್ಯಕ್ರಮ ಕೊಟ್ಟರು. ಅದರ ವಿಡಿಯೊ ಈಗಲೂ ಇದೆ. ಕೇಳುಗರೇ ವೇದಿಕೆ ಏರಿ ಕುಣಿದಿದ್ದಾರೆ.

26. 'ಆಡಂ ಅಂಡ್ ದಿ ಆಂಟ್ಸ್' ಬ್ಯಾಂಡಿನ ಜೊತೆಗಾರರನ್ನೆಲ್ಲ ಮ್ಯಾನೇಜರೇ ಬೇರೆ ಬ್ಯಾಂಡಿಗೆ ಎಬ್ಬಿಸಿಕೊಂಡು ಹೋದ. ಒಂಟಿಯಾದ ಆಡಂ ಹೊಸ ಗುಂಪು ಕಟ್ಟಿ, ಇಬ್ಬರು ಡ್ರಮ್ಮರುಗಳನ್ನು ಕೂರಿಸಿ, ಆಫ್ರಿಕಾದ ಬುರುಂಡಿಯ ನಗಾರಿ ಲಯ ತಂದು, ಮೂಗಿನ ಮೇಲೆ ಬಿಳಿ ಪಟ್ಟೆ ಎಳೆದುಕೊಂಡು 1980ರಲ್ಲಿ ಮರಳಿದ. ಜನ ಹೋದರು, ಸದ್ದು ಬಂತು.

ನಮ್ಮ ಹಿಮ್ಮೇಳದಲ್ಲಿ

27. ರಾಕ್ ಕಛೇರಿಗೆ ಪೋಸ್ಟರು ಬೇಕು. ತೆಂಕುತಿಟ್ಟಿನ ಮೇಳಕ್ಕೆ 'ಕೇಳಿ' ಸಾಕಿತ್ತು. ಸಂಜೆ ಚೆಂಡೆ ಮದ್ದಳೆ ಬಡಿದರೆ ಇಂದು ರಾತ್ರಿ ಆಟವಿದೆ ಎಂದು ಸುತ್ತಣ ಊರಿಗೆ ಡಂಗುರ. ಆಟ ಏರುವ ಮುನ್ನ ಬಾರಿಸುವ ವಾದನಕ್ಕೆ ಹೆಸರೇ 'ಅಬ್ಬರ'. ಪಂಕ್ ಎಂಬುದಕ್ಕೆ ಕನ್ನಡ ಪದ ಹುಡುಕುವವರು ಇದನ್ನು ಎತ್ತಿಕೊಳ್ಳಬಹುದು.

28. ತೆಂಕಿನ ಚೆಂಡೆ ದೊಡ್ಡದು, ಹೆಗಲಿಗೆ ತೂಗಿ ನಿಂತು ಬಾರಿಸುವಂಥದು. ಬಡಗಿನ ಚಂಡೆ ಅದಕ್ಕಿಂತ ಚಿಕ್ಕದು. ಎರಡೂ ಬಯಲಿಗೆಂದೇ ಮಾಡಿದ ವಾದ್ಯಗಳು, ಗೋಡೆಯಿಲ್ಲದ ಕಡೆಗೆ. ಸಣ್ಣ ಸಭಾಂಗಣದ ಗೋಡೆಗಳ ನಡುವೆ, ಅದೂ ಮೈಕಿನ ಮುಂದೆ, ಅವೇ ಪೆಟ್ಟು ಕಿವಿಗೆ ಗುಂಡು ಹೊಡೆದಂತೆ ಕೇಳುತ್ತವೆ. ತಪ್ಪು ಚಂಡೆಯದಲ್ಲ.

29. ಶ್ರುತಿಗೆ ಮೊದಲು ಪುಂಗಿ ಇತ್ತು. ಆಮೇಲೆ ಹಾರ್ಮೋನಿಯಂ ಬಂತು. ಈಗ ಅಂಗೈಯಗಲದ ಎಲೆಕ್ಟ್ರಾನಿಕ್ ಪೆಟ್ಟಿಗೆ. ಉಸಿರು ಊದುವವನೂ ಬೇಡ, ತಿದಿ ಒತ್ತುವವನೂ ಬೇಡ. ಹಿಮ್ಮೇಳದಲ್ಲಿ ಕಡಿಮೆಯಾದ ಆ ಒಬ್ಬ ಮನುಷ್ಯನ ಸದ್ದಿಲ್ಲದ ಕತೆಯೂ ಸದ್ದಿನ ಇತಿಹಾಸವೇ.

30. ಶಿವರಾಮ ಕಾರಂತರು ಯಕ್ಷಗಾನದ ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೊಫೋನ್ ತಂದು ಪ್ರಯೋಗ ಮಾಡಿದರು. ಪರಂಪರೆಯವರು ಮುನಿದರು. ವಿಶೇಷವೆಂದರೆ, ಆ ಪರಂಪರೆಯನ್ನು ಅಗೆದು ಬರೆದ 'ಯಕ್ಷಗಾನ ಬಯಲಾಟ'ಕ್ಕೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರೂ ಅವರೇ. ಚೆನ್ನಾಗಿ ಬಲ್ಲವನೇ ಧೈರ್ಯವಾಗಿ ಮುರಿಯಬಲ್ಲ.

31. ಸ್ಯಾಕ್ಸೊಫೋನ್ ಎಂದೊಡನೆ ಕದ್ರಿ ಗೋಪಾಲನಾಥ್. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮರುಳಾದವರು, ನಾಗಸ್ವರದ ಮನೆತನದಿಂದ ಬಂದು ಪಶ್ಚಿಮದ ಹಿತ್ತಾಳೆಯನ್ನು ಕರ್ನಾಟಕ ಸಂಗೀತದ ಗಮಕಕ್ಕೆ ಬಗ್ಗಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆ ಏರಿದರು. ಇಂದು ಮಲೆನಾಡಿನ ಮದುವೆಮನೆಯಲ್ಲಿ ಓಲಗದ ಜಾಗದಲ್ಲಿ ಸ್ಯಾಕ್ಸೊಫೋನ್ ಕೇಳಿಸಿದರೆ ಯಾರೂ ತಿರುಗಿ ನೋಡುವುದಿಲ್ಲ.

32. ಬಡಗುತಿಟ್ಟಿನ ಕಾಳಿಂಗ ನಾವಡರು ಒಂದು ತಲೆಮಾರಿನ ರಾಕ್ ಸ್ಟಾರ್. ಹೊಸ ರಾಗಗಳನ್ನು ಹಾಡುಗಾರಿಕೆಗೆ ತಂದರು, 'ನಾಗಶ್ರೀ' ಪ್ರಸಂಗ ಬರೆದರು. ಮುಮ್ಮೇಳದ ವೇಷ ನೋಡಲು ಬರುತ್ತಿದ್ದ ಜನ ಭಾಗವತನನ್ನು ಕೇಳಲು ಬರತೊಡಗಿದರು. 1990ರಲ್ಲಿ ರಸ್ತೆ ಅಪಘಾತ. ಅವರ ಕ್ಯಾಸೆಟ್ಟುಗಳು ಮಾತ್ರ ಬಸ್ಸುಗಳಲ್ಲಿ, ಕಾಫಿ ಅಂಗಡಿಗಳಲ್ಲಿ ಬಹಳ ಕಾಲ ತಿರುಗಿದವು.

33. ಗ್ಯಾರೇಜ್ ಬ್ಯಾಂಡಿಗಿಂತಲೂ ಕಡಿಮೆ ಸಾಮಾನಿನ ಬ್ಯಾಂಡು ನಮ್ಮಲ್ಲಿದೆ. ದೀಪಾವಳಿಯ ಇರುಳುಗಳಲ್ಲಿ ಜ್ಯೋತಿ ಹಿಡಿದು ಮನೆಯಿಂದ ಮನೆಗೆ ಹೋಗುವ ಅಂಟಿಗೆ-ಪಿಂಟಿಗೆಯವರಿಗೆ ವಾದ್ಯ ಬೇಕಿಲ್ಲ. ಮುಂದಿನವರು ಹಾಡು ಎತ್ತುತ್ತಾರೆ, ಹಿಂದಿನವರು ಮುಚ್ಚುತ್ತಾರೆ. ಕತ್ತಲು, ಕಾಡು, ಅಂಗಳ ಇವೇ ಅದರ ಆಂಪ್ಲಿಫೈಯರು.

34. ಮಳೆಗಾಲದಲ್ಲಿ 'ಅನ್‌ಪ್ಲಗ್ಡ್' ಆಗುವ ಪದ್ಧತಿಯೂ ನಮ್ಮದೇ. ಆಟದ ಕಾಲ ಮುಗಿಯುವ ಪತ್ತನಾಜೆಗೆ ಕರಾವಳಿಯ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆಮೇಲೆ ನಾಲ್ಕಾರು ಕಲಾವಿದರ 'ಚಿಕ್ಕಮೇಳ' ಮನೆಮನೆಗೆ ಬಂದು ಚಾವಡಿಯಲ್ಲೇ ಒಂದು ತುಣುಕು ಆಡಿ ಹೋಗುತ್ತದೆ. ಬಯಲಿನ ಅಬ್ಬರ ಚಾವಡಿಗೆ ತಕ್ಕಂತೆ ತಗ್ಗುತ್ತದೆ.

35. ಮಳೆ ವಾದ್ಯದ ಶತ್ರು. ತೇವಕ್ಕೆ ಚರ್ಮ ಸಡಿಲಾಗಿ ಚಂಡೆಯ ಸ್ವರ ಇಳಿಯುತ್ತದೆ. ಗಿಟಾರಿನ ಮರ ಉಬ್ಬಿ ಕತ್ತು ಬಾಗುತ್ತದೆ, ತಂತಿ ತುಕ್ಕು ಹಿಡಿಯುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ನೆರೆಯಲ್ಲಿ ಬ್ಯಾಂಡು ಕಟ್ಟುವವರು ಮೊದಲು ಕೊಳ್ಳಬೇಕಾದದ್ದು ಆಂಪ್ಲಿಫೈಯರಲ್ಲ, ಅಡಿಕೆ ಒಣಗಿಸುವವರ ಜಾಣತನ.

ಘಟ್ಟ ದಾಟಿ ರಾಜಧಾನಿಗೆ

36. ಡಾ. ರಾಜ್‌ಕುಮಾರ್ ಒಂದು ಇಡೀ ಹಾಡನ್ನು ಇಂಗ್ಲಿಷಿನಲ್ಲಿ ಹಾಡಿದ್ದಾರೆ. ಚಿತ್ರ 'ಆಪರೇಷನ್ ಡೈಮಂಡ್ ರಾಕೆಟ್', ವರ್ಷ 1978, ಸಂಗೀತ ಜಿ.ಕೆ. ವೆಂಕಟೇಶ್. ದಶಕಗಳ ಮೇಲೆ ಅಂತರಜಾಲದ ಹುಡುಗರು ಅದನ್ನು ಮತ್ತೆ ಕಂಡುಹಿಡಿದು ಕುಣಿದರು.

37. ಕನ್ನಡದ ತೆರೆಯ ಮೇಲೆ ಮಿಂಚುವ ದೀಪ, ಗಿಟಾರು, ಕಿರುಚುವ ಅಭಿಮಾನಿಗಳ ನಡುವಿನ ತಾರೆಯನ್ನು ನೆನೆದರೆ ಶಂಕರ್‌ನಾಗ್ ನಿರ್ದೇಶಿಸಿ ನಟಿಸಿದ 1981ರ 'ಗೀತಾ' ನೆನಪಾಗುತ್ತದೆ. ಸಂಗೀತ ಇಳಯರಾಜ. ಊರಿನ ಆರ್ಕೆಸ್ಟ್ರಾಗಳು ಇವತ್ತಿಗೂ ಅದರ ಹಾಡಿಲ್ಲದೆ ಮುಗಿಯುವುದು ಅಪರೂಪ.

38. ರಘು ದೀಕ್ಷಿತ್ ಭರತನಾಟ್ಯ ಕಲಿತವರು, ಮೈಕ್ರೊಬಯಾಲಜಿಯಲ್ಲಿ ಚಿನ್ನದ ಪದಕದವರು. ಗಿಟಾರು ಹಿಡಿದದ್ದು ಗೆಳೆಯನ ಸವಾಲಿಗೆ. ಮೊದಲಿನ ಬ್ಯಾಂಡು 'ಅಂತರಾಗ್ನಿ'. 'ರಘು ದೀಕ್ಷಿತ್ ಪ್ರಾಜೆಕ್ಟ್'ನ ಮೊದಲ ಆಲ್ಬಂ ಬಂದದ್ದು 2008ರಲ್ಲಿ, ಸಂಗೀತಗಾರರಾದ ವಿಶಾಲ್-ಶೇಖರ್ ಅವರ ಕಂಪನಿಯಿಂದ. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ, ಬಾಯಲ್ಲಿ ಶಿಶುನಾಳ ಷರೀಫ. ಇದು ನಮ್ಮ ಗ್ಲ್ಯಾಮ್.

39. ಬಣ್ಣದ ವೇಷದ ಇನ್ನೊಂದು ಬ್ಯಾಂಡು 'ಸ್ವರಾತ್ಮ'ದ ಗಾಯಕ ವಾಸು ದೀಕ್ಷಿತ್ ರಘು ಅವರ ತಮ್ಮ. ಸೊಂಟಕ್ಕೆ ಬಣ್ಣದ ಕುದುರೆ ಕಟ್ಟಿಕೊಂಡು ವೇದಿಕೆಯಲ್ಲಿ ಕುಣಿದವರು. 2009ರ ಮೊದಲ ಆಲ್ಬಂ ಹೆಚ್ಚು ಜಾನಪದದ ಕಡೆಗೆ ವಾಲಿತ್ತು. 2012ರ 'ಟೋಪಿವಾಲೆ'ಯಲ್ಲಿ ರಾಜಕಾರಣಿಗೆ ಚುಚ್ಚುವ ಕೊಂಕು ಬಂತು. ಬಣ್ಣ ಮುಖದಿಂದ ಮಾತಿಗಿಳಿಯಿತು.

40. ಬೆಂಗಳೂರಿನ 'ಕ್ರಿಪ್ಟೋಸ್' ಬ್ಯಾಂಡು 1998ರಿಂದ ಇದೆ. ಎಲ್ಲರೂ ಮುಂದಕ್ಕೆ ಓಡಿದರೆ ಇವರ ಸದ್ದು ಹಿಂದಕ್ಕೆ ನಡೆಯಿತು: ಆರಂಭದ ಜಟಿಲ ಮೆಟಲ್‌ನಿಂದ 2016ರ 'ಬರ್ನ್ ಅಪ್ ದಿ ನೈಟ್' ಹೊತ್ತಿಗೆ 1980ರ ದಶಕದ ಚರ್ಮದ ಜಾಕೆಟ್ಟಿನ ಸರಳ ಬಿರುಸಿಗೆ. ಜರ್ಮನಿಯ ವಾಕೆನ್ ಉತ್ಸವದಲ್ಲಿ ನುಡಿಸಿ ಬಂದವರಿವರು.

41. ಬೆಂಗಳೂರು ಅರಮನೆ ಮೈದಾನಕ್ಕೆ ಬಂದು ಹೋದವರು: 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ. ಮೆಟಾಲಿಕಾದ ದೆಹಲಿ ಕಡೆಯ ಕಾರ್ಯಕ್ರಮ ರದ್ದಾಯಿತು, ಬೆಂಗಳೂರಿನದು ಮಳೆಯಲ್ಲೂ ನಡೆಯಿತು.

42. ಭಾಷೆ ಬದಲಾದರೆ ಸದ್ದು ಬದಲಾಗುತ್ತದೆ ಎಂಬುದಕ್ಕೆ ಸಾಕ್ಷಿ ಕೊಪ್ಪ ತಾಲ್ಲೂಕಿನಲ್ಲೇ ಹುಟ್ಟಿದೆ. ಕುವೆಂಪು ಹುಟ್ಟಿದ್ದು ಇಲ್ಲಿನ ಹಿರೇಕೊಡಿಗೆಯಲ್ಲಿ, 1904ರ ಡಿಸೆಂಬರ್ 29ರಂದು. ಅವರ ಮೊದಲ ಕವನ ಸಂಕಲನ 'ಬಿಗಿನರ್ಸ್ ಮ್ಯೂಸ್', 1922ರದು, ಇಂಗ್ಲಿಷಿನಲ್ಲಿತ್ತು. ನಿನ್ನ ನುಡಿಯಲ್ಲಿ ಬರೆ ಎಂದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್. ಇಂಗ್ಲಿಷಿನಲ್ಲಿ ಹಾಡುತ್ತ ಶುರುಮಾಡುವ ನಮ್ಮ ರಾಕ್ ಹುಡುಗರಿಗೆ ಊರಿನ ಹಿರಿಯರೊಬ್ಬರು ಹಾಕಿಕೊಟ್ಟ ದಾರಿ ಅದು.

ಹೊರಡುವ ಮುನ್ನ

43. 'ದಿ ವೈಟ್ ಸ್ಟ್ರೈಪ್ಸ್' ಬ್ಯಾಂಡಿನಲ್ಲಿದ್ದವರು ಇಬ್ಬರೇ, ತೊಟ್ಟ ಬಣ್ಣ ಮೂರೇ: ಕೆಂಪು, ಬಿಳಿ, ಕಪ್ಪು. 2003ರ 'ಸೆವೆನ್ ನೇಷನ್ ಆರ್ಮಿ'ಯಲ್ಲಿ ಬಾಸಿನಂತೆ ಗುಡುಗುವುದು ಬಾಸ್ ಅಲ್ಲ, ಸ್ವರ ಇಳಿಸುವ ಪೆಡಲು ತುಳಿದ ಸಾದಾ ಗಿಟಾರು. ಧ್ವನಿಮುದ್ರಣ ಲಂಡನ್ನಿನ 'ಟೋ ರ್‍ಯಾಗ್'ನಲ್ಲಿ, ಕಂಪ್ಯೂಟರೇ ಇಲ್ಲದ 8 ಟ್ರ್ಯಾಕಿನ ಹಳೆಯ ಟೇಪಿನ ಮೇಲೆ. ಶತಮಾನ ಬದಲಾದ ಮೇಲೂ ಶೆಡ್ಡು ಬೇಕೇ ಬೇಕು ಎಂದು ಹಟ ಹಿಡಿದವರು.

44. ಬ್ಯಾಂಡು ಕಟ್ಟಲು ಎಷ್ಟು ಸಂಗೀತ ಬರಬೇಕು? 1977ರ ಆರಂಭದಲ್ಲಿ ಬ್ರಿಟನ್ನಿನ 'ಸೈಡ್‌ಬರ್ನ್ಸ್' ಎಂಬ ಕೈಬರಹದ ಪತ್ರಿಕೆ ಗಿಟಾರಿನ ಮೂರು ಕಾರ್ಡುಗಳ ಚಿತ್ರ ಬಿಡಿಸಿ, ಇಷ್ಟು ಸಾಕು, ಹೊರಡಿ ಎಂದಿತು. ಮಲೆನಾಡಿನಲ್ಲಿ ಮೂರು ಕಾರ್ಡಿನ ಜೊತೆಗೆ ಒಂದು ಖಾಲಿ ಸೌದೆ ಕೊಟ್ಟಿಗೆ, ಬೈಯದ ಒಬ್ಬ ಅಜ್ಜ, ಹೋಗದ ಕರೆಂಟು ಇದ್ದರೆ ಆಯಿತು.

45. ಕೊನೆಯದು, ಊರಿನದು. ಬಸರೀಕಟ್ಟೆಯ ಹೆಸರಿನಲ್ಲೇ ಬಸರಿ ಮರವೂ ಇದೆ, ಕಟ್ಟೆಯೂ ಇದೆ. ಬಸರಿ ಆಲ, ಅತ್ತಿ, ಅರಳಿಯ ಬಳಗದ ಮರ. ಹಕ್ಕಿ ಉದುರಿಸಿದ ಬೀಜ ಎಷ್ಟೋ ಸಲ ಇನ್ನೊಂದು ಮರದ ಕವಲಿನಲ್ಲೋ ಹಳೆಯ ಗೋಡೆಯ ಬಿರುಕಿನಲ್ಲೋ ಮೊಳೆಯುತ್ತದೆ. ಬೇರು ಆ ಮರವನ್ನೋ ಗೋಡೆಯನ್ನೋ ತಬ್ಬಿ ಇಳಿಯುವುದರಿಂದ ಒಂದು ಬಸರಿಯ ಬುಡ ಇನ್ನೊಂದರಂತೆ ಇರುವುದಿಲ್ಲ. ಸೈಕಲ್ ಅಂಗಡಿಯಲ್ಲಿ ಮೊಳೆತ ಗೊಂಬೆಗಳಿಗೂ, ಹರಿದ ಸ್ಪೀಕರಿನಲ್ಲಿ ಮೊಳೆತ ಗಿಟಾರಿಗೂ ಈ ಮಾತು ಸಲ್ಲುತ್ತದೆ.